12345654321: ಏರಿ ಇಳಿಯುವ ಸಂಖ್ಯೆಯೊಂದರ ಒಳಹೊರಗು

ನಮ್ಮ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎಂಟೇ ಅಂಕೆಗಳನ್ನು ಹಿಡಿಯುವ ಒಂದು ಕ್ಯಾಲ್ಕುಲೇಟರ್ ಇರುತ್ತಿತ್ತು. ಗಿರಾಕಿಗಳು ಬಾರದ ಮಧ್ಯಾಹ್ನದ ಹೊತ್ತಿನಲ್ಲಿ ಅದು ನನ್ನ ಆಟದ ಸಾಮಾನು. 11ನ್ನು 11ರಿಂದ ಗುಣಿಸಿದರೆ 121, 111ನ್ನು 111ರಿಂದ ಗುಣಿಸಿದರೆ 12321, 1111ನ್ನು 1111ರಿಂದ ಗುಣಿಸಿದರೆ 1234321 ಬರುವುದನ್ನು ಕಂಡು ಹಿಗ್ಗಿ, ಐದು ಒಂದುಗಳಿಗೆ ಕೈಹಾಕಿದಾಗ ಪರದೆಯ ಮೂಲೆಯಲ್ಲಿ ತಪ್ಪನ್ನು ಸೂಚಿಸುವ ಅಕ್ಷರ ಮೂಡಿ ಯಂತ್ರ ಕೈಚೆಲ್ಲಿತು. ಉತ್ತರಕ್ಕೆ ಒಂಬತ್ತು ಮನೆ ಬೇಕಾಗಿದ್ದವು. ಅದರ ಬಳಿ ಇದ್ದದ್ದು ಎಂಟು.

ಅಪ್ಪ ಹಳೆಯ ಬಿಲ್ಲೊಂದನ್ನು ಮಗುಚಿ, ಪೆನ್ಸಿಲ್ ಕೊಟ್ಟು, "ಕಾಗದದ ಮೇಲೆ ಮಾಡು, ಇದಕ್ಕೆಲ್ಲ ಯಂತ್ರ ಯಾಕೆ" ಎಂದರು. ನಾನು ಹಟಕ್ಕೆ ಬಿದ್ದು ಆರು ಒಂದುಗಳನ್ನೇ ತೆಗೆದುಕೊಂಡೆ. 111111 ಎಂದು ಆರು ಸಾಲು ಬರೆದೆ. ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ ಜರುಗಿತ್ತು. ಕೂಡಲು ಹೊರಟವನನ್ನು ಅಪ್ಪ ತಡೆದು, "ಇದರಲ್ಲಿ ಕೂಡೋದು ಏನಿದೆ ಮಗಾ, ಬರೀ ಒಂದುಗಳು. ಕಂಬ ಕಂಬವಾಗಿ ಎಣಿಸಿಕೊಂಡು ಹೋಗು, ಸಾಕು" ಎಂದರು. ಬಲಗಡೆಯ ಮೊದಲ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ಏರುತ್ತ ನಡುವಿನ ಆರನೆಯ ಕಂಬದಲ್ಲಿ ಮಾತ್ರ ಆರೂ ಸಾಲುಗಳು ಒಟ್ಟಿಗೆ ಸಿಕ್ಕವು. ಅಲ್ಲಿಂದ ಮುಂದೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬಂದು ಕಟ್ಟಕಡೆಗೆ ಎಡತುದಿಯಲ್ಲಿ ಮತ್ತೆ ಒಂದೇ ಒಂದು ಉಳಿಯಿತು. ಎಣಿಕೆಯನ್ನು ಕೆಳಗೆ ಬರೆದಾಗ ಮೂಡಿದ್ದು 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ, ಕನಕ, ಗದಗ ಎಂಬ ಪದಗಳಂತೆ ಗತಪ್ರತ್ಯಾಗತವಾಗಿ ನಿಂತ ಆ ಸಂಖ್ಯೆಯೊಡನೆ ನನ್ನ ಪರಿಚಯ ಆದದ್ದು ಹೀಗೆ.

ಕಂಬಗಳನ್ನು ಎಣಿಸುವ ಈ ಲೆಕ್ಕವನ್ನು ಎರಡು ದಾಳಗಳ ಆಟ ಆಡಿದವರೆಲ್ಲರೂ ತಮಗೆ ಅರಿವಿಲ್ಲದೆಯೇ ಮಾಡಿರುತ್ತಾರೆ. ಒಂದರಿಂದ ಆರರವರೆಗೆ ಚುಕ್ಕೆಗಳಿರುವ ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿದರೆ ಎರಡು ಬೀಳುವ ದಾರಿ ಒಂದೇ, ಮೂರು ಬೀಳುವ ದಾರಿ ಎರಡು, ನಾಲ್ಕು ಬೀಳುವ ದಾರಿ ಮೂರು. ಏಳು ಬೀಳುವುದಕ್ಕೆ ಎಲ್ಲಕ್ಕಿಂತ ಹೆಚ್ಚು, ಅಂದರೆ ಆರು ದಾರಿಗಳು. ಅಲ್ಲಿಂದ ಇಳಿಯುತ್ತ ಹೋಗಿ ಹನ್ನೆರಡಕ್ಕೆ ಪುನಃ ಒಂದೇ ದಾರಿ. ಈ ಎಣಿಕೆಗಳನ್ನು ಸಾಲಾಗಿ ಬರೆದರೆ ನಮ್ಮ ಸಂಖ್ಯೆಯೇ ಬರುತ್ತದೆ. ಅದರ ಹನ್ನೊಂದು ಅಂಕೆಗಳನ್ನು ಕೂಡಿದರೆ 36 ಆಗುವುದೂ ಇದೇ ಕಾರಣಕ್ಕೆ, ಏಕೆಂದರೆ ಎರಡು ದಾಳಗಳು ಬೀಳಬಹುದಾದ ಒಟ್ಟು ರೀತಿಗಳು ಆರಾರಲಿ ಮೂವತ್ತಾರು. ಒಂದು ಗುಣಾಕಾರದೊಳಗೆ ಎರಡು ದಾಳಗಳು ಅಡಗಿ ಕುಳಿತಿರುವುದು ಕಾಕತಾಳೀಯವಲ್ಲ: ಜರುಗಿಸಿ ಬರೆದ ಸಾಲು ಒಂದು ದಾಳವಾದರೆ, ಆ ಸಾಲಿನೊಳಗಿನ ಮನೆ ಇನ್ನೊಂದು ದಾಳ.

ಇಲ್ಲೇ ನಾನು ಒಂದು ತಪ್ಪನ್ನೂ ಮಾಡಿದೆ. ಒಂಬತ್ತು ಒಂದುಗಳವರೆಗೆ ಈ ಕ್ರಮ ನಡೆದು 12345678987654321 ಬಂದಮೇಲೆ, ಹತ್ತು ಒಂದುಗಳಿಗೆ 12345678910987654321 ಬರುತ್ತದೆ ಎಂದು ಲೆಕ್ಕವನ್ನೇ ಮಾಡದೆ ನೋಟುಬುಕ್ಕಿನಲ್ಲಿ ಬರೆದುಕೊಂಡು, ಪಿಯುಸಿಗೆ ಬರುವವರೆಗೂ ಅದನ್ನು ನಂಬಿಕೊಂಡಿದ್ದೆ. ನಡುವಿನ ಕಂಬದಲ್ಲಿ ಹತ್ತು ಬಂದಾಗ ಅಲ್ಲಿ ಸೊನ್ನೆಯನ್ನಿಟ್ಟು ಕೈಯಲ್ಲಿ ಉಳಿದ ಒಂದನ್ನು ಪಕ್ಕದ ಒಂಬತ್ತಕ್ಕೆ ಕೂಡಬೇಕು, ಆಗ ಅದೂ ಹತ್ತಾಗಿ ಇನ್ನೊಂದು ದಶಕ ಅದರ ಎಡಕ್ಕೆ ದಾಟಬೇಕು. ನಿಜವಾದ ಉತ್ತರ 1234567900987654321. ಏರುವ ದಾರಿಯಲ್ಲಿ ಎಂಟು ಮಾಯವಾಗಿದೆ, ನಡುವೆ ಎರಡು ಸೊನ್ನೆಗಳ ಹೊಂಡ ಬಿದ್ದಿದೆ. ಮೆಟ್ಟಿಲುಗಳ ಅಂದ ನಿಂತಿರುವುದು ಯಾವ ಕಂಬವೂ ಹತ್ತನ್ನು ಮುಟ್ಟುವುದಿಲ್ಲ ಎಂಬ ಒಂದೇ ಒಂದು ಆಧಾರದ ಮೇಲೆ ಎಂದು ಆಗ ತಿಳಿಯಿತು.

ಈ ಸಂಖ್ಯೆಯನ್ನು ಕಂಡುಹಿಡಿದವನು ನಾನೇ ಎಂಬ ಬಾಲ್ಯದ ಹಮ್ಮು ಇಳಿದದ್ದು ಇನ್ನೂ ತಡವಾಗಿ, ಗಣಿತಜ್ಞ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಪರಿಚಯವಾದಾಗ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟವನ್ನು ರಾಜಧಾನಿಯಾಗಿಸಿಕೊಂಡು ಆಳಿದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಈ ಗ್ರಂಥದ ಆರಂಭದಲ್ಲಿ ಸ್ತುತಿಸಲಾಗಿದೆ. ಹಾಗಾಗಿ ಅದರ ಕಾಲ ಒಂಬತ್ತನೆಯ ಶತಮಾನದ ನಡುಭಾಗ. ಗ್ರಹಗತಿಯ ಲೆಕ್ಕಗಳನ್ನು ಬೆರೆಸದೆ ಗಣಿತವೊಂದಕ್ಕೇ ಮೀಸಲಾದ ಈ ಸಂಸ್ಕೃತ ಪದ್ಯಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಅದರಲ್ಲಿ 12345654321 ಎಂಬ ಸಂಖ್ಯೆಯನ್ನು, ಒಂದರಿಂದ ತೊಡಗಿ ಆರರಲ್ಲಿ ಕೊನೆಗೊಂಡು ಅನಂತರ ಕ್ರಮವಾಗಿ ಕಡಿಮೆಯಾಗುವಂಥದ್ದು ಎಂಬರ್ಥದ ಮಾತಿನಿಂದ ಸೂಚಿಸಲಾಗಿದೆ. ಹನ್ನೊಂದು ಅಂಕೆಗಳ ಸಂಖ್ಯೆಯನ್ನು ಪದ್ಯದ ಒಂದು ತುಣುಕಿನಲ್ಲಿ ಹೇಳಿ ಮುಗಿಸಿದ ಜಾಣ್ಮೆ ನನಗೆ ಇಂದಿಗೂ ಮೆಚ್ಚುಗೆಯದು. ನಮ್ಮ ಹಳೆಯ ಗಣಿತಜ್ಞರು ಸಂಖ್ಯೆಯನ್ನು ಪದಗಳಲ್ಲಿ ಹೇಳುವಾಗ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ನಡೆಯುವ ರೂಢಿಯಿತ್ತು. ಇಲ್ಲಿ ಮಾತ್ರ ಯಾವ ಕಡೆಯಿಂದ ಹೊರಟರೂ ಸಂಖ್ಯೆ ಕೆಡುವುದಿಲ್ಲ.

ಮಹಾವೀರನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದ. ಆದ್ದರಿಂದ ಅವನ ಲೆಕ್ಕದಲ್ಲಿ ನಮ್ಮ ಸಂಖ್ಯೆಯೆಂದರೆ ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ ಮತ್ತು ಒಂದು. ಶಿಖರದ ಆರು ಸರಿಯಾಗಿ ಲಕ್ಷದ ಮನೆಯಲ್ಲಿ ಕುಳಿತಿದೆ. ಇಂದಿನ ರೂಢಿಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಸೆಕೆಂಡಿಗೆ ಒಂದರಂತೆ ಹಗಲಿರುಳು ಬಿಡದೆ ಎಣಿಸಿದರೆ ಈ ಸಂಖ್ಯೆಯನ್ನು ಮುಟ್ಟಲು ಸುಮಾರು 391 ವರ್ಷಗಳು ಬೇಕು.

ಗಣಿತಸಾರಸಂಗ್ರಹದ ಗುಣಾಕಾರದ ಭಾಗದಲ್ಲಿ ಇಂಥ ಸಂಖ್ಯೆಗಳ ಒಂದು ಗುಂಪೇ ಇದೆ. 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111, 12345679ನ್ನು 9ರಿಂದ ಗುಣಿಸಿದರೆ 111111111, 142857143ನ್ನು 7ರಿಂದ ಗುಣಿಸಿದರೆ 1000000001. ನಡುವೆ ಪದಕ, ಎರಡು ಕಡೆ ಸರಿಸಮನಾದ ಮಣಿಗಳು ಇರುವ ಸರದಂತೆ ಕಾಣುವ ಈ ಗುಣಲಬ್ಧಗಳನ್ನು ಗ್ರಂಥಕಾರನು ಕೊರಳ ಆಭರಣಕ್ಕೆ ಹೋಲಿಸುತ್ತಾನೆ. ಈ ಗುಂಪಿನಲ್ಲಿಯೇ 27994681ನ್ನು 441ರಿಂದ ಗುಣಿಸುವ ಲೆಕ್ಕವಿದೆ, ಅದರ ಉತ್ತರವೇ ನಮ್ಮ 12345654321. ಇದನ್ನು ಓದುವವರು ಒಮ್ಮೆ ಕೈಯಲ್ಲೇ ಮಾಡಿ ನೋಡಬೇಕೆಂದು ನನ್ನ ಆಸೆ: 400ರಿಂದ ಗುಣಿಸಿದರೆ 11197872400, ಉಳಿದ 41ರಿಂದ ಗುಣಿಸಿದರೆ 1147781921, ಎರಡನ್ನೂ ಕೂಡಿದಾಗ ಅಂಕೆಗಳೆಲ್ಲ ತಮ್ಮ ತಮ್ಮ ಮೆಟ್ಟಿಲಿಗೆ ಬಂದು ನಿಲ್ಲುತ್ತವೆ.

ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನನಗೆ ಬಂದ ಪ್ರಶ್ನೆ, ಇಷ್ಟು ಒರಟಾದ ಎರಡು ಸಂಖ್ಯೆಗಳು ಅವನಿಗೆ ಎಲ್ಲಿ ಸಿಕ್ಕವು ಎಂಬುದು. 441 ಎಂಬುದು 21ರ ವರ್ಗ. 111111ನ್ನು 21ರಿಂದ ಭಾಗಿಸಿದರೆ ಶೇಷವಿಲ್ಲದೆ 5291 ಬರುತ್ತದೆ, ಆ 5291ರ ವರ್ಗವೇ 27994681. ಅಂದರೆ 111111 ಎಂಬ ಸಂಖ್ಯೆಯನ್ನು 21 ಮತ್ತು 5291 ಎಂದು ಎರಡಾಗಿ ಸೀಳಿ, ಎರಡನ್ನೂ ವರ್ಗ ಮಾಡಿ, ಆ ವರ್ಗಗಳನ್ನು ಗುಣಿಸಲು ಕೊಟ್ಟಂತಾಗಿದೆ. ಎಲ್ಲಿ ಸೀಳಬೇಕೆಂದು ತಿಳಿಯದವನು ಈ ಸಮಸ್ಯೆಯನ್ನು ಕಟ್ಟಲಾರ. ಆದ್ದರಿಂದ ಇದು ಬರಿಯ ಅಂಕೆಗಳ ಚಮತ್ಕಾರವಾಗಿರದೆ, ಅಪವರ್ತನಗಳ ಜ್ಞಾನವನ್ನು ಅಡಗಿಸಿಟ್ಟ ಸಮಸ್ಯೆಯೆಂದೇ ನನ್ನ ಎಣಿಕೆ.

ಪೂರ್ತಿ ಸೀಳಿದರೆ 111111 ಎಂಬುದು 3, 7, 11, 13 ಮತ್ತು 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗವಾದ ನಮ್ಮ ಸಂಖ್ಯೆಯಲ್ಲಿ ಇವು ಒಂದೊಂದೂ ಎರಡೆರಡು ಸಲ ಬರುತ್ತವೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನು ಪೂರ್ತಿ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಐದಕ್ಕೂ ಮೂರು ಮೂರು ಆಯ್ಕೆಗಳಿರುವುದರಿಂದ ಒಟ್ಟು ಭಾಜಕಗಳು 243. ಅಂಕೆಗಳ ಮೊತ್ತ 36 ಆದ್ದರಿಂದ 9ರಿಂದ ಭಾಗವಾಗುವುದು ಮೇಲ್ನೋಟಕ್ಕೇ ತಿಳಿಯುತ್ತದೆ. ಅಂಕೆಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆದರೆ ಸೊನ್ನೆ ಬರುವುದರಿಂದ 11ರಿಂದ ಭಾಗವಾಗುವುದೂ ಖಚಿತ. ಭಾಗಿಸಿದಾಗ ಬರುವ ಉತ್ತರಗಳಲ್ಲಿಯೂ ಕೆಲವು ಸೊಗಸಾಗಿವೆ: 121ರಿಂದ ಭಾಗಿಸಿದರೆ 102030201, 12321ರಿಂದ ಭಾಗಿಸಿದರೆ 1002001. ಎರಡೂ ತಾಯಿಯ ಮುಖಲಕ್ಷಣವನ್ನು ಹೊತ್ತ ಮಕ್ಕಳಂತೆ ಹಿಂದುಮುಂದು ಒಂದೇ ಆಗಿವೆ.

ಆರೇ ಒಂದುಗಳನ್ನು ಆರಿಸಿದ್ದು ಏಕೆ ಎಂಬುದಕ್ಕೂ ಇಲ್ಲೇ ಒಂದು ಉತ್ತರವಿದೆ. ಐದು ಒಂದುಗಳ 11111 ಒಡೆದರೆ 41 ಮತ್ತು 271 ಎಂಬ ಎರಡೇ ಚೂರು. ಏಳು ಒಂದುಗಳ 1111111 ಒಡೆದರೆ 239 ಮತ್ತು 4649, ಅಲ್ಲಿಯೂ ಎರಡೇ. ಎಂಟು ಒಂದುಗಳಲ್ಲಿ 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳಿವೆ. ಒಂಬತ್ತರಲ್ಲಿ 3 ಎರಡು ಸಲ, ಜೊತೆಗೆ 37 ಮತ್ತು 333667. ಮೆಟ್ಟಿಲಿನ ಅಂದ ಕೆಡದೆ ಉಳಿಯುವ ಒಂಬತ್ತು ಸಂಖ್ಯೆಗಳಲ್ಲಿ ಐದು ಬೇರೆಬೇರೆ ಅವಿಭಾಜ್ಯಗಳನ್ನು ಹೊಂದಿರುವುದು ಆರರದ್ದು ಒಂದೇ. ಆರು ಎಂಬುದು ಎರಡರಿಂದಲೂ ಮೂರರಿಂದಲೂ ಭಾಗವಾಗುವುದೇ ಅದಕ್ಕೆ ಕಾರಣ: ಆರು ಒಂದುಗಳ ಸಾಲನ್ನು ಎರಡೆರಡರ ಮೂರು ಗುಂಪುಗಳಾಗಿ ನೋಡಿದರೆ 11 ಕಾಣುತ್ತದೆ, ಮೂರು ಮೂರರ ಎರಡು ಗುಂಪುಗಳಾಗಿ ನೋಡಿದರೆ 111 ಕಾಣುತ್ತದೆ, ಇವೆರಡನ್ನೂ ಹೊರತೆಗೆದ ಮೇಲೆ 91 ಉಳಿಯುತ್ತದೆ.

ಅಂಕೆಗಳ ಚೆಲುವಿನ ಬಗ್ಗೆ ಗಣಿತದವರಿಗೆ ಒಂದು ಬಗೆಯ ತಾತ್ಸಾರವಿದೆ. ನಮಗೆ ಹತ್ತು ಬೆರಳುಗಳಿರುವುದರಿಂದ ಹತ್ತರ ಪದ್ಧತಿಯಲ್ಲಿ ಬರೆಯುತ್ತೇವೆ. ಇದೇ ಬೆಲೆಯನ್ನು ಎಂಟರ ಪದ್ಧತಿಯಲ್ಲಿ, ಅಂದರೆ ಪ್ರತಿ ಮನೆಗೂ ಅದರ ಬಲಗಡೆಯ ಮನೆಯ ಎಂಟರಷ್ಟು ಬೆಲೆ ಇರುವಂತೆ, ಬರೆದರೆ ಈ ಮೆಟ್ಟಿಲುಗಳು ಕಾಣುವುದಿಲ್ಲ. ಆದ್ದರಿಂದ ಇದು ಸಂಖ್ಯೆಯ ಗುಣವಾಗಿರದೆ ಅದು ತೊಟ್ಟ ಬಟ್ಟೆಯ ಗುಣ ಎಂಬುದು ಅವರ ವಾದ. ಮಾತು ನ್ಯಾಯವಾದದ್ದೇ. ಆದರೆ ನಮ್ಮ ಸಂಖ್ಯೆಯ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ ಎಂದು ನಾನು ವಾದಿಸುತ್ತೇನೆ. ಹತ್ತರ ಬದಲು ಏಳರ ಪದ್ಧತಿಯನ್ನು ತೆಗೆದುಕೊಂಡು, ಅದರಲ್ಲಿ 111111 ಎಂದು ಬರೆದರೆ ಅದರ ಬೆಲೆ ನಮ್ಮ ಲೆಕ್ಕದಲ್ಲಿ 19608. ಅದರ ವರ್ಗ 384473664. ಈ ವರ್ಗವನ್ನು ಮರಳಿ ಏಳರ ಪದ್ಧತಿಗೆ ತಂದು ಬರೆದರೆ ಸಿಗುವುದು ಮತ್ತೆ 12345654321. ಬೆಲೆ ಬೇರೆ, ರೂಪ ಅದೇ. ಎಂಟರಲ್ಲಿಯೂ ಹಾಗೆಯೇ, ಕಂಪ್ಯೂಟರಿನವರು ಬಳಸುವ ಹದಿನಾರರಲ್ಲಿಯೂ ಹಾಗೆಯೇ. ಆರು ಎಂಬ ಅಂಕೆ ಇರುವ ಯಾವ ಪದ್ಧತಿಯಲ್ಲಾದರೂ, ಅಂದರೆ ಏಳು ಮತ್ತು ಅದಕ್ಕಿಂತ ದೊಡ್ಡ ಯಾವ ಆಧಾರವನ್ನು ಹಿಡಿದರೂ, 12345654321 ಎಂದು ಬರೆದದ್ದು 111111 ಎಂದು ಬರೆದದ್ದರ ವರ್ಗವೇ ಆಗಿರುತ್ತದೆ, ಏಕೆಂದರೆ ಅಪ್ಪ ಹೇಳಿಕೊಟ್ಟ ಕಂಬಗಳ ಎಣಿಕೆಗೆ ಆಧಾರ ಯಾವುದೆಂಬ ಹಂಗೇ ಇಲ್ಲ.

ಆಧಾರವನ್ನು ಕ ಎಂದು ಕರೆದರೆ 111111 ಎಂಬ ರೂಪ (ಕ + 1), (ಕ² + ಕ + 1), (ಕ² − ಕ + 1) ಎಂಬ ಮೂರು ಅಪವರ್ತನಗಳಾಗಿ ಯಾವಾಗಲೂ ಒಡೆಯುತ್ತದೆ. ಕ ಹತ್ತಾದಾಗ ಅವು 11, 111, 91. ಏಳಾದಾಗ 8, 57, 43. ಆದ್ದರಿಂದ ಈ ರೂಪದ ಒಡೆಯುವಿಕೆ ಬೀಜಗಣಿತದ್ದು, ಹತ್ತು ಬೆರಳುಗಳದ್ದಲ್ಲ. ಆ ಮೂರು ಅಪವರ್ತನಗಳು ಮುಂದೆ ಹೇಗೆ ಒಡೆಯುತ್ತವೆ, 111ರಲ್ಲಿ 37 ಏಕೆ ಇದೆ, 91ರಲ್ಲಿ 7 ಮತ್ತು 13 ಏಕೆ ಇವೆ ಎಂಬುದು ಮಾತ್ರ ಹತ್ತರ ಸ್ವಂತ ವಿಷಯ.

ಇಲ್ಲಿಂದ ಮುಂದೆ ಬಟ್ಟೆಯನ್ನು ಬಿಟ್ಟು ಮೈಯನ್ನು ನೋಡೋಣ. ನಮ್ಮ ಸಂಖ್ಯೆ ಒಂದು ವರ್ಗ, ಸರಿ. ಅದನ್ನು ಎರಡು ವರ್ಗಗಳ ಮೊತ್ತವಾಗಿಯೂ ಬರೆಯಬಹುದೇ? ಎಂದರೆ, ಕರ್ಣದ ಉದ್ದ 111111 ಆಗಿದ್ದು ಉಳಿದೆರಡು ಬಾಹುಗಳೂ ಪೂರ್ಣಾಂಕಗಳೇ ಆಗಿರುವ ಲಂಬಕೋನ ತ್ರಿಭುಜವಿದೆಯೇ? ಈ ವಿಷಯದಲ್ಲಿ ಐದು ಅವಿಭಾಜ್ಯಗಳ ಸ್ವಭಾವ ಎರಡು ತೆರನಾಗಿದೆ. 4ರಿಂದ ಭಾಗಿಸಿದಾಗ 13 ಮತ್ತು 37 ಶೇಷವಾಗಿ 1ನ್ನು ಕೊಡುತ್ತವೆ. 3, 7, 11 ಶೇಷವಾಗಿ 3ನ್ನು ಕೊಡುತ್ತವೆ. ಮೊದಲಿನ ಬಗೆಯ ಅವಿಭಾಜ್ಯಗಳು ಮಾತ್ರ ಎರಡು ವರ್ಗಗಳಾಗಿ ಒಡೆಯಬಲ್ಲವು, ಎರಡನೆಯ ಬಗೆಯವು ಸುಮ್ಮನೆ ಗಾತ್ರವನ್ನು ಹಿಗ್ಗಿಸುತ್ತವೆ. ಹೀಗಾಗಿ ಸರಿಯಾಗಿ ನಾಲ್ಕು ತ್ರಿಭುಜಗಳು ದೊರೆಯುತ್ತವೆ. ಅವುಗಳ ಬಾಹುಗಳು 7161 ಮತ್ತು 110880. 73689 ಮತ್ತು 83160. 42735 ಮತ್ತು 102564. ಕೊನೆಯದಾಗಿ 36036 ಮತ್ತು 105105. ಈ ಕೊನೆಯ ಜೋಡಿ ನನಗೆ ತುಂಬ ಪ್ರಿಯವಾದದ್ದು. 36036ರ ವರ್ಗ 1298593296, 105105ರ ವರ್ಗ 11047061025. ಕೂಡಿ ನೋಡಿದರೆ ಅದೇ 12345654321. ಇದರ ಬೇರು 12, 35, 37 ಎಂಬ ಪುಟ್ಟ ತ್ರಿಭುಜದಲ್ಲಿದೆ. ಎರಡು ಬೀಜಸಂಖ್ಯೆಗಳಿಂದ ಆಯತವನ್ನು ಹುಟ್ಟಿಸುವ ಜನ್ಯವೆಂಬ ಕ್ರಮವನ್ನು ಮಹಾವೀರನೂ ವಿವರಿಸಿದ್ದಾನೆ. ಅದರಂತೆ 6 ಮತ್ತು 1 ಬೀಜಗಳಾದರೆ ವರ್ಗಗಳ ವ್ಯತ್ಯಾಸ 35, ಗುಣಲಬ್ಧದ ಇಮ್ಮಡಿ 12, ವರ್ಗಗಳ ಮೊತ್ತ 37.

37ನ್ನು ಪಕ್ಕಕ್ಕಿಟ್ಟರೆ 111111ರಲ್ಲಿ ಉಳಿಯುವುದು 3003. ಇದೂ ಸಾಮಾನ್ಯದ ಸಂಖ್ಯೆಯಲ್ಲ. 78 ಜನ ಒಬ್ಬರೊಬ್ಬರ ಕೈಕುಲುಕಿದರೆ ಒಟ್ಟು 3003 ಕೈಕುಲುಕುಗಳು. 15 ಜನರಿಂದ 5 ಜನರನ್ನು ಆರಿಸುವ ರೀತಿಗಳು 3003. 14 ಜನರಿಂದ 6 ಜನರನ್ನು ಆರಿಸುವ ರೀತಿಗಳೂ 3003. ಹಲಾಯುಧನು ಮೇರುಪ್ರಸ್ತಾರವೆಂದು ವಿವರಿಸಿದ, ಪಶ್ಚಿಮದವರು ಪಾಸ್ಕಲನ ತ್ರಿಕೋನವೆಂದು ಕರೆಯುವ ಆ ಸಂಖ್ಯೆಗಳ ಗೋಪುರದಲ್ಲಿ 3003 ಎಂಟು ಸಲ ಕಾಣಿಸಿಕೊಳ್ಳುತ್ತದೆ. ಎಲ್ಲ ಸಾಲುಗಳ ಅಂಚಿನಲ್ಲಿರುವ ಒಂದನ್ನು ಬಿಟ್ಟರೆ, ಅಷ್ಟು ಸಲ ಬರುವ ಇನ್ನೊಂದು ಸಂಖ್ಯೆ ಈವರೆಗೆ ಯಾರಿಗೂ ಸಿಕ್ಕಿಲ್ಲ. ಇಷ್ಟರಿಂದ ಇಷ್ಟನ್ನು ಆರಿಸುವ ರೀತಿಗಳೆಷ್ಟು ಎಂಬುದಕ್ಕೆ ಇಂದು ನಾವು ಶಾಲೆಯಲ್ಲಿ ಕಲಿಯುವ ಸಾಮಾನ್ಯ ಸೂತ್ರವನ್ನು ಗಣಿತಸಾರಸಂಗ್ರಹದಲ್ಲಿಯೇ ಕೊಡಲಾಗಿದೆ, ಉದಾಹರಣೆಗೆ ಷಡ್ರಸಗಳನ್ನು ತೆಗೆದುಕೊಳ್ಳಲಾಗಿದೆ.

ಆದರೆ 3003ರ ನಿಜವಾದ ಕೌತುಕ ಇರುವುದು ಅದರ ವರ್ಗದಲ್ಲಿ. ಒಂದು ಸಂಖ್ಯೆಯ ಎಲ್ಲ ಭಾಜಕಗಳನ್ನು, ಅದನ್ನೂ ಸೇರಿಸಿ, ಕೂಡಿದಾಗ ಆ ಸಂಖ್ಯೆಯ ಸರಿಯಾಗಿ ಎರಡರಷ್ಟು ಬಂದರೆ ಅದನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6, 28, 496, 8128 ಅಂಥವು. ಇದುವರೆಗೆ ಸಿಕ್ಕ ಪರಿಪೂರ್ಣ ಸಂಖ್ಯೆಗಳೆಲ್ಲವೂ ಸಮಸಂಖ್ಯೆಗಳು. ಬೆಸಸಂಖ್ಯೆಯೊಂದು ಪರಿಪೂರ್ಣವಾಗಿರಬಹುದೇ ಎಂಬ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಇದ್ದರೆ ಅದು ಒಂದರ ಮುಂದೆ 1500 ಸೊನ್ನೆಗಳನ್ನಿಟ್ಟ ಸಂಖ್ಯೆಗಿಂತ ದೊಡ್ಡದಾಗಿರಬೇಕು ಎಂಬುದು 2012ರಲ್ಲಿ ಸಾಧಿತವಾಗಿದೆ. 3003ರ ವರ್ಗ 9018009; ಅದರ ಭಾಜಕಗಳ ಮೊತ್ತ 18035199. ಪರಿಪೂರ್ಣವಾಗಲು ಬೇಕಿದ್ದದ್ದು 18036018. ಒಂದು ಕೋಟಿ ಎಂಬತ್ತು ಲಕ್ಷದ ಮಾತಿನಲ್ಲಿ ಬರಿಯ 819ರ ಕೊರತೆ!

1638ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ, ಗಣಿತಜ್ಞ ಡೆಕಾರ್ಟ್ ತನ್ನ ಮಿತ್ರ ಮರ್ಸೆನ್ನನಿಗೆ ಬರೆದ ಕಾಗದದಲ್ಲಿ ಈ ಕೊರತೆಯನ್ನು ತುಂಬುವ ಒಂದು ಸಂಖ್ಯೆಯನ್ನು ಮುಂದಿಟ್ಟ. 18035199ನ್ನೂ 18036018ನ್ನೂ 819ರಿಂದ ಭಾಗಿಸಿದರೆ ಕ್ರಮವಾಗಿ 22021 ಮತ್ತು 22022 ಬರುತ್ತವೆ. 22021 ಅವಿಭಾಜ್ಯವೆಂದು ಭಾವಿಸಿದರೆ ಅದಕ್ಕೆ ಎರಡೇ ಭಾಜಕಗಳು, 1 ಮತ್ತು ಅದೇ ಸಂಖ್ಯೆ. ಅವುಗಳ ಮೊತ್ತ 22022. ಆಗ 9018009ನ್ನು 22021ರಿಂದ ಗುಣಿಸಿ ಪಡೆದ 198585576189ರ ಭಾಜಕಗಳ ಮೊತ್ತ 397171152378, ಸರಿಯಾಗಿ ಇಮ್ಮಡಿ. ಬೆಸಸಂಖ್ಯೆಯ ಪರಿಪೂರ್ಣತೆ ಕೈಗೆ ಸಿಕ್ಕೇಬಿಟ್ಟಿತು ಎನ್ನುವಷ್ಟರಲ್ಲಿ, 22021 ಎಂಬುದು 19ರ ವರ್ಗವನ್ನು 61ರಿಂದ ಗುಣಿಸಿದ ಸಂಖ್ಯೆ ಎಂಬ ನಿಜ ಎದುರಾಗುತ್ತದೆ. ಅದು ಅವಿಭಾಜ್ಯವಲ್ಲ, ಅವಿಭಾಜ್ಯವೆಂದು ಕಣ್ಣುಮುಚ್ಚಿ ಒಪ್ಪಿಕೊಂಡವರಿಗೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಡೆಕಾರ್ಟನ ಸಂಖ್ಯೆ 3003ರ ವರ್ಗವನ್ನು 22021ರಿಂದ ಗುಣಿಸಿದ್ದು. ನಮ್ಮದು ಅದೇ 3003ರ ವರ್ಗವನ್ನು 37ರ ವರ್ಗದಿಂದ ಗುಣಿಸಿದ್ದು. ಎರಡೂ ಒಂದೇ ಮನೆಯವು ಎಂದು ತಿಳಿದ ದಿನ ನಾನು ಮತ್ತೆ ಪೆನ್ಸಿಲ್ ಹಿಡಿದು ಕುಳಿತೆ. 3, 7, 11, 13, 37 ಇವುಗಳಿಗೆ ಕ್ರಮವಾಗಿ 13, 57, 133, 183, 1407 ಎಂಬ ಮೊತ್ತಗಳು ಬರುತ್ತವೆ. ಉದಾಹರಣೆಗೆ 1, 3, 9 ಕೂಡಿದರೆ 13. 1, 37, 1369 ಕೂಡಿದರೆ 1407. ಐದನ್ನೂ ಗುಣಿಸಿದರೆ ನಮ್ಮ ಸಂಖ್ಯೆಯ ಎಲ್ಲ ಭಾಜಕಗಳ ಮೊತ್ತ ಸಿಗುತ್ತದೆ: 25375524993. ಇದು 12345654321ರ ಇಮ್ಮಡಿಗಿಂತ 684216351ರಷ್ಟು ಹೆಚ್ಚು. ಹೀಗೆ ತನ್ನ ಇಮ್ಮಡಿಯನ್ನು ಮೀರುವುದು ಸಮಸಂಖ್ಯೆಗಳಲ್ಲಿ ಸಾಮಾನ್ಯ, ಬೆಸಸಂಖ್ಯೆಗಳಲ್ಲಿ ಅಪರೂಪ. ಇನ್ನು ಇದು ಸರಿಯಾಗಿ ಇಮ್ಮಡಿ ಆಗುವ ಸಾಧ್ಯತೆಯಂತೂ ಮೊದಲಿನಿಂದಲೂ ಇರಲಿಲ್ಲ: ಬೆಸಸಂಖ್ಯೆಯ ವರ್ಗಕ್ಕೆ ಭಾಜಕಗಳ ಎಣಿಕೆಯೂ ಬೆಸ, ಆ ಭಾಜಕಗಳು ಒಂದೊಂದೂ ಬೆಸ, ಬೆಸಸಂಖ್ಯೆಗಳನ್ನು ಬೆಸ ಸಲ ಕೂಡಿದರೆ ಮೊತ್ತ ಬೆಸವೇ ಹೊರತು ಯಾವುದರ ಇಮ್ಮಡಿಯೂ ಆಗದು.

ಇಷ್ಟು ತಿಳಿದ ಮೇಲೂ 37ನ್ನು ತೆಗೆದು ಆ ಜಾಗದಲ್ಲಿ 41ರ ವರ್ಗ, 43ರ ವರ್ಗ, 47ರ ವರ್ಗ ಎಂದು ಒಂದೊಂದಾಗಿ ಇಟ್ಟು ನೋಡಿದ್ದೇನೆ. ಮೊತ್ತವು ಇಮ್ಮಡಿಯನ್ನು ಮೀರುವ ಪ್ರಮಾಣ ಇಳಿಯುತ್ತ ಹೋಗುತ್ತದೆ. 3003ರಲ್ಲಿ ಆಗಲೇ ಇರುವ ನಾಲ್ಕನ್ನು ಬಿಟ್ಟು, 22021ಕ್ಕಿಂತ ಚಿಕ್ಕದಾದ ಯಾವ ಬೆಸ ಅವಿಭಾಜ್ಯವನ್ನಿಟ್ಟರೂ ಮೊತ್ತ ಇಮ್ಮಡಿಗಿಂತ ಹೆಚ್ಚು, ಅದಕ್ಕಿಂತ ದೊಡ್ಡದಾದ ಯಾವುದನ್ನಿಟ್ಟರೂ ಕಡಿಮೆ. ಹೆಚ್ಚಿಗೂ ಕಡಿಮೆಗೂ ನಡುವಿನ ಆ ಹೊಸ್ತಿಲ ಮೇಲೆ ಕುಳಿತಿರುವುದು ಡೆಕಾರ್ಟ್ ಆರಿಸಿದ 22021, 19ರಿಂದ ಎರಡು ಸಲ ಭಾಗವಾಗುವ ಸಂಖ್ಯೆ.